ನಾನು ದೊಡ್ಡ ಕರುಳಾದ ದಿನ

ಆರೋಗ್ಯದ ಬಗ್ಗೆ ಉಪದೇಶ ಮಾಡುವವರು ಸಾಮಾನ್ಯವಾಗಿ ಎರಡು ಬಗೆಯ ಮುಖ ಹೊತ್ತು ಬರುತ್ತಾರೆ. ಕೇಳುಗರೆಲ್ಲ ನಾಳೆಯೇ ಸಾಯಲಿದ್ದಾರೆ ಎಂದು ಹೆದರಿಸುವ ಮುಖ ಒಂದು. ತಾವು ಮಾತ್ರ ಎಂದೆಂದಿಗೂ ಸಾಯುವುದಿಲ್ಲ ಎಂದು ನಂಬಿರುವ ಮುಖ ಇನ್ನೊಂದು. ಈ ಎರಡರ ನಡುವೆ ಕೂತು ಸಾಕಷ್ಟು ಆಕಳಿಸಿದ ಅನುಭವವಿದ್ದುದರಿಂದ, ಇಡಿಯಾದ ಆಹಾರ ಮತ್ತು ಕರುಳಿನ ಆರೋಗ್ಯದ ಕುರಿತ ಒಂದು ದಿನದ ಶಿಬಿರಕ್ಕೆ ಹೋಗುವಾಗಲೇ, ಮಧ್ಯಾಹ್ನದ ಊಟ ಮುಗಿದೊಡನೆ ಜಾರಿಕೊಳ್ಳಲು ಒಂದು ನೆಪವನ್ನು ಸಿದ್ಧಪಡಿಸಿಕೊಂಡಿದ್ದೆ. ಆದರೆ ಸಭಾಂಗಣದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ನನ್ನ ಮುಂದೆ ಒಂದು ಡಬ್ಬಿ ಹಿಡಿದು ಚೀಟಿ ಎತ್ತುವಂತೆ ಹೇಳಿದಳು. ಚೀಟಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ‘ದೊಡ್ಡ ಕರುಳು’ ಎಂದು ಬರೆದಿತ್ತು. ನನ್ನ ಹಿಂದೆ ನಿಂತಿದ್ದ ನಿವೃತ್ತ ಲೆಕ್ಕಪರಿಶೋಧಕರೊಬ್ಬರಿಗೆ ‘ಜಠರ’ ಬಂತು; ಅವರ ಪತ್ನಿಗೆ ‘ಮೇದೋಜೀರಕ ಗ್ರಂಥಿ’ ಬಂತು. “ಇದು ಎಲ್ಲಿರುತ್ತದೆಯಮ್ಮ?” ಎಂದು ಆಕೆ ಕೇಳಿದಾಗ ಹುಡುಗಿ, “ಜಠರದ ಹಿಂದೆಯೇ ಇರುತ್ತದೆ ಆಂಟಿ” ಎಂದಳು. “ನಲವತ್ತು ವರ್ಷದಿಂದ ಅಲ್ಲೇ ಇದ್ದೇನೆ ಬಿಡು” ಎಂದು ಆಕೆ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡರು.

ಶಿಬಿರವನ್ನು ನಡೆಸಿಕೊಟ್ಟವರು ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಬಂದ, ಆಹಾರತಜ್ಞೆಗಿಂತ ಆಟದ ಮೇಡಂ ಎಂದೇ ತೋರುತ್ತಿದ್ದ ಒಬ್ಬ ಹಿರಿಯ ಮಹಿಳೆ. ಭಾಷಣವಿಲ್ಲದೆ ನೇರವಾಗಿ ಒಂದು ಪಂದ್ಯದಿಂದ ಆರಂಭಿಸಿದರು. ಮೂವರನ್ನು ಮುಂದೆ ಕರೆದು, ಒಬ್ಬರಿಗೆ ಇಡೀ ಸೇಬುಗಳನ್ನೂ, ಇನ್ನೊಬ್ಬರಿಗೆ ಅಷ್ಟೇ ಸೇಬುಗಳನ್ನು ಅರೆದ ತಿರುಳನ್ನೂ, ಮೂರನೆಯವರಿಗೆ ಅದೇ ಪ್ರಮಾಣಕ್ಕೆ ಸರಿಹೊಂದುವ ಸೋಸಿದ ರಸವನ್ನೂ ಕೊಟ್ಟು ಸೀಟಿ ಊದಿದರು. ಇಡೀ ಹಣ್ಣಿನ ಸ್ಪರ್ಧಿ ಎಲ್ಲಿಂದ ಕಚ್ಚಬೇಕೆಂದು ಹಣ್ಣನ್ನು ತಿರುಗಿಸಿ ನೋಡುತ್ತಿರುವಾಗಲೇ ರಸದ ಸ್ಪರ್ಧಿ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡು, “ಇನ್ನೇನಾದರೂ ಇದೆಯೇ?” ಎಂದು ಕೇಳಿದ. ಮೇಡಂ ಕಾಯುತ್ತಿದ್ದುದು ಆ ಪ್ರಶ್ನೆಗೇ. 1977ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಪಂದ್ಯ ನಡೆದಿತ್ತು ಎಂದು ಅವರು ವಿವರಿಸಿದರು. ಇಡೀ ಸೇಬನ್ನು ತಿನ್ನುವುದಕ್ಕಿಂತ 11 ಪಟ್ಟು ವೇಗವಾಗಿ ಜನ ರಸವನ್ನು ಮುಗಿಸಿದ್ದರು. ಆದರೂ ಅವರಿಗೆ ಹೊಟ್ಟೆ ತುಂಬಿದ ಭಾವನೆ ಎಲ್ಲರಿಗಿಂತ ಕಡಿಮೆಯಿತ್ತು. ರಸ ಕುಡಿದವರಲ್ಲಿ ರಕ್ತದ ಸಕ್ಕರೆ ಏರಿ, ಆಮೇಲೆ ಮೊದಲಿಗಿಂತಲೂ ಕೆಳಗೆ ಇಳಿದಿತ್ತು. ಹಣ್ಣನ್ನು ಅಗಿದು ತಿಂದವರಲ್ಲಿ ಹಾಗೆ ಆಗಲಿಲ್ಲ. ಇಷ್ಟು ಹೇಳುವ ಹೊತ್ತಿಗೂ ನಮ್ಮ ಇಡೀ ಹಣ್ಣಿನ ಸ್ಪರ್ಧಿ ಇನ್ನೂ ಅಗಿಯುತ್ತಲೇ ಇದ್ದರು, ಮತ್ತು ಸಭೆ ಅವರಿಗೆ ಚಪ್ಪಾಳೆ ತಟ್ಟಿ ಪ್ರೋತ್ಸಾಹಿಸುತ್ತಿತ್ತು.

ಆಮೇಲೆ ನಮ್ಮ ನಾಟಕ. ನೆಲದ ಮೇಲೆ ಹಳದಿ ಹಗ್ಗವನ್ನು ಸುತ್ತುಸುತ್ತಾಗಿ ಹಾಸಲಾಯಿತು: ಸಣ್ಣ ಕರುಳಿಗೆ ಸುಮಾರು 6 ಮೀಟರ್, ನನ್ನ ಪಾಲಿಗೆ ಸುಮಾರು ಒಂದೂವರೆ ಮೀಟರ್. ಹಗ್ಗದ ಎರಡೂ ಬದಿಯಲ್ಲಿ ಬುಟ್ಟಿ ಹಿಡಿದು ನಿಂತವರು ಸಣ್ಣ ಕರುಳಿನ ಗೋಡೆ. ಅವರ ಕೆಲಸ ದಾಟಿಹೋಗುವ ಆಹಾರದಿಂದ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದು. ಕೊನೆಯಲ್ಲಿ ನಾನು. ನನ್ನ ಹೆಗಲ ಮೇಲೆ ಒಂದು ಹಳೆಯ ಶಾಲು ಹೊದಿಸಿ, ಅದರ ತುಂಬ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹಸಿರು ಕಾಗದದ ಪಟ್ಟಿಗಳನ್ನು ಸಿಕ್ಕಿಸಿದ್ದರು. ಅದು ಕರುಳಿನ ಒಳಮೈಯನ್ನು ಕಾಯುವ ಲೋಳೆಯ ಪದರವಂತೆ. ನನ್ನ ಕಾಲ ಬಳಿ ಹನ್ನೆರಡು ಮಕ್ಕಳು ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರೆಲ್ಲ ಬ್ಯಾಕ್ಟೀರಿಯಾ, ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಸೀಟಿ. ಸೀಟಿ ಏಕೆ ಎಂದು ಆಗ ಯಾರಿಗೂ ತಿಳಿಸಿರಲಿಲ್ಲ.

ಮನುಷ್ಯನ ದೇಹದಲ್ಲಿರುವ ಬ್ಯಾಕ್ಟೀರಿಯಾಗಳು ಅವನ ಸ್ವಂತ ಜೀವಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚು ಎಂಬ ಮಾತನ್ನು ನಾನೂ ಎಲ್ಲೆಲ್ಲೋ ಓದಿ, ಎಲ್ಲೆಲ್ಲೋ ಹೇಳಿದ್ದೆ. 2016ರಲ್ಲಿ ವಿಜ್ಞಾನಿಗಳು ಲೆಕ್ಕವನ್ನು ಹೊಸದಾಗಿ ಮಾಡಿ, 70 ಕೆ.ಜಿ. ತೂಕದ ಒಬ್ಬ ವ್ಯಕ್ತಿಯಲ್ಲಿ ಅವನ ಸ್ವಂತ ಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂದು ಅಂದಾಜಿಸಿದರು. ಅಂದರೆ ಸಮಬಲದ ಹೋರಾಟ. ಅಷ್ಟೂ ಬ್ಯಾಕ್ಟೀರಿಯಾಗಳ ಒಟ್ಟು ತೂಕ 200 ಗ್ರಾಂ ಆಸುಪಾಸು, ಮತ್ತು ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಇದನ್ನು ಕೇಳಿದ ಒಬ್ಬ ಬ್ಯಾಕ್ಟೀರಿಯಾ, “ಹಾಗಾದರೆ ನಾವೊಬ್ಬೊಬ್ಬರೂ ಮೂರು ಮೂರು ಲಕ್ಷ ಕೋಟಿ!” ಎಂದು ಪಕ್ಕದವನ ಬೆನ್ನಿಗೆ ಗುದ್ದಿದ.

ಮೊದಲ ಸರದಿಯಲ್ಲಿ ಬಂದ ಆಹಾರ ಬಿಳಿ ಬ್ರೆಡ್ ಮತ್ತು ಸಿಹಿ ಪಾನೀಯ. ಒಂದು ಡಬ್ಬಿ ತುಂಬ ಬಿಳಿ ಚೆಂಡುಗಳು ಉರುಳಿ ಬಂದವು. ಹಲ್ಲಿನ ಪಾತ್ರಧಾರಿಗಳಿಗೆ ಕೆಲಸವೇ ಇರಲಿಲ್ಲ; ಜಠರದವರು ಎರಡು ಬಾರಿ ಮೈ ಕುಲುಕಿಸಿ ಮುಂದೆ ಕಳುಹಿಸಿದರು; ಸಣ್ಣ ಕರುಳಿನವರು ಹಗ್ಗದ ಮೊದಲ ತಿರುವಿನಲ್ಲೇ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡರು. ನನ್ನವರೆಗೆ ಬಂದದ್ದು ಬರೀ ಗಾಳಿ. “ನಮಗೇನೂ ಇಲ್ಲವಾ?” ಎಂದು ಮಕ್ಕಳು ನನ್ನ ಮುಖ ನೋಡಿದರು. ಗೋಧಿಯ ಕಾಳಿನಿಂದ ತೌಡನ್ನೂ ಮೊಳಕೆಯ ಭಾಗವನ್ನೂ ಕಳೆದು, ಉಳಿದ ಪಿಷ್ಟವನ್ನಷ್ಟೇ ಬೀಸಿದರೆ ದೊಡ್ಡ ಕರುಳಿನ ನಿವಾಸಿಗಳಿಗೆ ದೊರೆಯುವುದು ಹೀಗೆ ಅತ್ಯಲ್ಪ ಎಂದ ಮೇಡಂ, “ಹಸಿದಿರುವ ಬ್ಯಾಕ್ಟೀರಿಯಾಗಳು ಈಗ ಗೋಡೆ ತಿನ್ನಬಹುದು” ಎಂದು ಅಪ್ಪಣೆ ಕೊಟ್ಟರು. ನನ್ನ ಶಾಲಿನ ಹಸಿರು ಪಟ್ಟಿಗಳು ನಿಮಿಷದೊಳಗೆ ಮಾಯವಾದವು. ಕ್ಲಿಪ್ಪುಗಳಲ್ಲಿ ಕೆಲವು ನನ್ನ ತೋಳಿಗೂ ಕಚ್ಚಿಕೊಂಡವು. ನಾರಿನಂಶವಿಲ್ಲದ ಆಹಾರ ಕೊಟ್ಟ ಇಲಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರವನ್ನೇ ಕೊರೆದು ತಿಂದದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇಲಿಯ ಕಥೆಯನ್ನು ಹಾಗೆಯೇ ಮನುಷ್ಯನಿಗೆ ಹೊದಿಸಬಾರದು ಎಂದು ಅವರು ತಕ್ಷಣ ಸೇರಿಸಿದ್ದು ನನಗೆ ಇಷ್ಟವಾಯಿತು. ಆರೋಗ್ಯದ ಹೆಸರಿನಲ್ಲಿ ಪುಡಿ ಮಾರುವವರು ಇಂಥ ಮಾತನ್ನು ಎಂದೂ ಸೇರಿಸುವುದಿಲ್ಲ.

ಎರಡನೆಯ ಸರದಿ ಕಾಳುಗಳದ್ದು. ಈ ಬಾರಿ ಚೆಂಡುಗಳ ಜೊತೆ ಬಿಗಿಯಾಗಿ ಗಂಟು ಹಾಕಿದ ದಾರದ ಉಂಡೆಗಳೂ ಇದ್ದವು. ಹಲ್ಲುಗಳು ದುಡಿದವು, ಜಠರದವರು ಬೆವರಿದರು, ಮೇದೋಜೀರಕದವರು ಬಣ್ಣದ ಕಾಗದದ ಚೂರುಗಳನ್ನು ಕಿಣ್ವಗಳೆಂದು ಎಲ್ಲರ ತಲೆಯ ಮೇಲೂ ಧಾರಾಳವಾಗಿ ಎರಚಿದರು. ಆದರೆ ಸಣ್ಣ ಕರುಳಿನವರಿಗೆ ಗಂಟು ಬಿಚ್ಚಲಾಗಲಿಲ್ಲ. ಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲದಿರುವುದರಿಂದ ಅವು ನಾರಿನ ಜೊತೆಗೇ ಇಡಿಯಾಗಿ ಕೆಳಗೆ ಇಳಿಯುತ್ತವೆ. ಉಂಡೆಗಳು ನನ್ನ ಬಳಿಗೆ ಬಂದದ್ದೇ ತಡ, ಹನ್ನೆರಡು ಮಕ್ಕಳೂ ಮೇಲೆ ಬಿದ್ದರು. ಒಂದು ಗಂಟು ಬಿಚ್ಚಿದವರು ಎರಡು ಕೆಲಸ ಮಾಡಬೇಕಿತ್ತು: ನನ್ನ ಶಾಲಿಗೆ ಒಂದು ಹಸಿರು ಪಟ್ಟಿಯನ್ನು ಮರಳಿ ಸಿಕ್ಕಿಸುವುದು, ಮತ್ತು ಒಂದು ಸೀಟಿ ಊದುವುದು. ಪಟ್ಟಿ, ಬ್ಯಾಕ್ಟೀರಿಯಾಗಳು ನಾರನ್ನು ಹುಳಿಯಿಸಿ ತಯಾರಿಸುವ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳ ಗುರುತು. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಸೀಟಿ ಯಾವುದರ ಗುರುತು ಎಂಬುದನ್ನು ವಿವರಿಸುವ ಅಗತ್ಯವೇ ಬರಲಿಲ್ಲ. ಮೊದಲ ಸೀಟಿಗೆ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದರು. ಹನ್ನೆರಡೂ ಸೀಟಿಗಳು ಒಟ್ಟಿಗೆ ಕೂಗಿದಾಗ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ನಗು ಇಳಿಯುವ ಮೊದಲೇ ಮೇಡಂ ಮೈಕು ಹಿಡಿದು, ‘ಅಪಾನವಾಯು’ ಎಂಬ ಗೌರವದ ಹೆಸರನ್ನೆಲ್ಲ ಬದಿಗಿಟ್ಟು, ಹೂಸಿನ ಬಗ್ಗೆ ನೇರವಾಗಿ ಮಾತನಾಡಿದರು. ಅದರಲ್ಲಿ ಹೆಚ್ಚಿನ ಭಾಗ ನೈಟ್ರೋಜನ್, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಇವು ಯಾವುದಕ್ಕೂ ವಾಸನೆಯಿಲ್ಲ. ಮೂಗು ಮುಚ್ಚಿಸುವುದು ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳು. ದಿನಕ್ಕೆ ಹತ್ತರಿಂದ ಇಪ್ಪತ್ತು ಬಾರಿ ಗಾಳಿ ಹೋಗುವುದು ಆರೋಗ್ಯವಂತರಲ್ಲಿ ಸಹಜ. “ನನಗೆ ಆ ಅಭ್ಯಾಸವಿಲ್ಲ” ಎಂದರು ಜಠರದವರು ಗಂಭೀರವಾಗಿ. ಇಡೀ ಸಭೆ ಮೇದೋಜೀರಕ ಗ್ರಂಥಿಯ ಕಡೆಗೆ ತಿರುಗಿತು. ಆಕೆ ಏನನ್ನೂ ಹೇಳದೆ, ಉಳಿದಿದ್ದ ಕಿಣ್ವಗಳನ್ನೆಲ್ಲ ಒಂದೇ ಬಾರಿಗೆ ಗಂಡನ ತಲೆಯ ಮೇಲೆ ಸುರಿದರು.

ನನಗೆ ಹೊಳೆದದ್ದು ಅಲ್ಲಿಯೇ. ನಾರಿನಂಶ ಒಳ್ಳೆಯದು ಎಂಬುದು ಆ ಸಭೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಕಾಳು ತಿಂದ ಮರುದಿನ ಕಚೇರಿಯಲ್ಲಿ ಹೇಗೆ ಕೂರುವುದು ಎಂಬ ಮುಜುಗರ ಆ ತಿಳಿವಳಿಕೆಗಿಂತ ದೊಡ್ಡದು, ಮತ್ತು ಯಾವ ಗಂಭೀರ ಉಪನ್ಯಾಸವೂ ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಕೊಡುವುದಿಲ್ಲ. ಸೀಟಿಗಳು ಕೂಗಿದ ಮೇಲೆ ಮಾತ್ರ ಪ್ರಶ್ನೆಗಳು ಒಂದರ ಹಿಂದೊಂದು ಬಂದವು, ಅವೂ ಎಂಥ ಪ್ರಶ್ನೆಗಳು! ಕಾಳನ್ನು ಎಷ್ಟು ಹೊತ್ತು ನೆನೆಸಬೇಕು? ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಆ ಗಂಟಿನ ಸಕ್ಕರೆಗಳಲ್ಲಿ ಒಂದಷ್ಟು ನೀರಿನೊಂದಿಗೇ ಹೋಗುತ್ತದೆ. ನಾಳೆಯಿಂದಲೇ ಎಲ್ಲ ಇಡಿಧಾನ್ಯಕ್ಕೆ ಬದಲಾಯಿಸಬಹುದೇ? ಬೇಡ, ಕೆಲವು ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು, ಜೊತೆಗೆ ನೀರು ಬೇಕು, ಕರುಳಿನ ಕಾಯಿಲೆಯಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶವನ್ನು ಸಹಜ ಆಹಾರದಿಂದಲೇ ಪಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶೌಚಕ್ಕೆ ದಿನಕ್ಕೆ ಎಷ್ಟು ಬಾರಿ ಹೋದರೆ ಸರಿ ಎಂದು ಕೊನೆಗೂ ಒಬ್ಬರು ಕೇಳಿಯೇಬಿಟ್ಟರು. ದಿನಕ್ಕೆ ಮೂರು ಬಾರಿಯಿಂದ ಹಿಡಿದು ವಾರಕ್ಕೆ ಮೂರು ಬಾರಿಯವರೆಗೆ ಎಲ್ಲವೂ ಸಹಜದ ಮಿತಿಯೊಳಗೇ ಇದೆ ಎಂಬ ಉತ್ತರ ಕೇಳಿ, ಮುಂದಿನ ಸಾಲಿನಲ್ಲಿ ಕನಿಷ್ಠ ಇಬ್ಬರ ಮುಖ ಅರಳಿದ್ದನ್ನು ನಾನು ಕಂಡೆ.

ಊಟವನ್ನೂ ಆಟವಾಗಿಯೇ ಬಡಿಸಿದರು. ಒಂದು ವಾರದಲ್ಲಿ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರಗಳನ್ನು ತಿನ್ನುವವರ ಕರುಳಿನಲ್ಲಿ, ಹತ್ತು ಅಥವಾ ಅದಕ್ಕಿಂತ ಕಡಿಮೆ ಬಗೆ ತಿನ್ನುವವರಿಗಿಂತ ಹೆಚ್ಚು ವೈವಿಧ್ಯದ ಸೂಕ್ಷ್ಮಾಣುಗಳು ಕಂಡುಬಂದವು ಎಂದು 2018ರಲ್ಲಿ ‘ಅಮೆರಿಕನ್ ಗಟ್ ಪ್ರಾಜೆಕ್ಟ್’ ಎಂಬ ಸಮೀಕ್ಷೆ ವರದಿ ಮಾಡಿತ್ತು. ಅದನ್ನು ಆಧರಿಸಿ, ತಟ್ಟೆಯಲ್ಲಿರುವ ಸಸ್ಯಗಳನ್ನು ಎಣಿಸಿ ಕಾರ್ಡಿನಲ್ಲಿ ಬರೆಯುವ ಪೈಪೋಟಿ ಶುರುವಾಯಿತು. ಕರಿಮೆಣಸಿಗೆ ಅಂಕವುಂಟೇ, ಕಾಫಿಯನ್ನು ಬೀಜವೆನ್ನಬೇಕೇ ಪಾನೀಯವೆನ್ನಬೇಕೇ ಎಂಬ ವಾದಗಳಲ್ಲಿ ಊಟ ಆರಿತು. ಲೆಕ್ಕಪರಿಶೋಧಕರು ಈರುಳ್ಳಿ ಮತ್ತು ಈರುಳ್ಳಿ ಹೂವನ್ನು ಬೇರೆಬೇರೆ ಬಾಬ್ತಿನಲ್ಲಿ ತೋರಿಸಿ ಸಿಕ್ಕಿಬಿದ್ದರು. ಸಮೀಕ್ಷೆಯೊಂದು ಕಂಡ ಸಂಬಂಧವನ್ನು ಕಾರಣವೆಂದೇ ಹೇಳಲಾಗದು, 30 ಎಂಬುದು ಮಂತ್ರಸಂಖ್ಯೆಯೂ ಅಲ್ಲ. ಆದರೆ ತಟ್ಟೆಯಲ್ಲಿ ಏನೇನಿದೆ ಎಂದು ನಾನು ಅಷ್ಟು ಗಮನವಿಟ್ಟು ನೋಡಿದ್ದು ಬಹುಶಃ ಅದೇ ಮೊದಲು. ಸಿದ್ಧಮಾಡಿಕೊಂಡಿದ್ದ ನೆಪವನ್ನು ಯಾವಾಗ ಮರೆತೆನೋ ನೆನಪಿಲ್ಲ.

ತಟ್ಟೆಗಳೆಲ್ಲ ಖಾಲಿಯಾದ ಮೇಲೆ ಮೇಡಂ ಒಂದು ಗುಟ್ಟು ಬಿಟ್ಟುಕೊಟ್ಟರು. ಬೀಟ್‌ರೂಟಿನ ಕೋಸಂಬರಿಯನ್ನು ಅಷ್ಟು ಒತ್ತಾಯಿಸಿ ಬಡಿಸಿದ್ದು ಬರೀ ರುಚಿಗಾಗಿ ಅಲ್ಲವಂತೆ. “ನಾಳೆಯೋ ನಾಡಿದ್ದೋ ಕೆಂಪು ಕಂಡರೆ ಗಾಬರಿಯಾಗಬೇಡಿ, ಗಂಟೆ ನೋಡಿ ಬರೆದಿಡಿ. ಬೀಟ್‌ರೂಟು ತಿನ್ನದೆ ಕೆಂಪು ಕಂಡರೆ ಮಾತ್ರ ನಗುತ್ತ ಕೂರದೆ ವೈದ್ಯರ ಬಳಿಗೆ ಹೋಗಿ” ಎಂದರು. ಆಹಾರ ಬಾಯಿಂದ ಹೊರಟು ಹೊರಬೀಳಲು ತೆಗೆದುಕೊಳ್ಳುವ ಸಮಯ ಕರುಳಿನ ಬಗ್ಗೆ ಒಳ್ಳೆಯ ಸುಳಿವು ಕೊಡುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರಾರು ಜನರಿಗೆ ನೀಲಿ ಬಣ್ಣ ಹಾಕಿದ ಮಫಿನ್ ತಿನ್ನಿಸಿ ಕಾದಿದ್ದರು. ಅರ್ಧದಷ್ಟು ಜನರಲ್ಲಿ ಸುಮಾರು 28 ಗಂಟೆಯೊಳಗೆ ನೀಲಿ ಕಂಡಿತ್ತು, ಉಳಿದವರು ಇನ್ನೂ ಹೆಚ್ಚು ಹೊತ್ತು ಕಾಯಬೇಕಾಯಿತು.

ಮರುದಿನ ಬೆಳಿಗ್ಗೆಯಿಂದಲೇ ಶಿಬಿರಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಫಲಿತಾಂಶಗಳು ಬರತೊಡಗಿದವು. ಹಿಂದಿನ ದಿನ ಪರಸ್ಪರ ಹೆಸರೂ ಗೊತ್ತಿರದಿದ್ದ ಜನ ಈಗ ‘19 ಗಂಟೆ’, ‘31 ಗಂಟೆ, ತಿಳಿ ಗುಲಾಬಿ’ ಎಂದು ಯಾವ ಸಂಕೋಚವೂ ಇಲ್ಲದೆ ವರದಿ ಒಪ್ಪಿಸುತ್ತಿದ್ದರು. ರಸದ ಸ್ಪರ್ಧಿ ಎರಡನೆಯ ದಿನ ರಾತ್ರಿಯಾದರೂ ‘ಇನ್ನೂ ಇಲ್ಲ’ ಎಂದು ಬರೆದಾಗ, ಏನು ತಿನ್ನಬೇಕೆಂದು ನಾಲ್ಕೂ ಕಡೆಯಿಂದ ಸಲಹೆಗಳು ಬಂದವು. ತನಗೆ ಆ ಅಭ್ಯಾಸವೇ ಇಲ್ಲ ಎಂದಿದ್ದ ಜಠರದವರು ದಿನಾಂಕ, ವೇಳೆ, ವರ್ಣ, ಷರಾ ಎಂಬ ನಾಲ್ಕು ಅಂಕಣಗಳ ಕೋಷ್ಟಕವನ್ನೇ ಕಳುಹಿಸಿದ್ದರು. ಷರಾ ಅಂಕಣದಲ್ಲಿ ‘ಪತ್ನಿಯವರಿಂದ ಪರಿಶೀಲಿಸಲ್ಪಟ್ಟಿಲ್ಲ’ ಎಂದಿತ್ತು.