ಎರಡು ಉಚ್ಚಿಲಗಳ ನಡುವೆ

ಡಿಸೆಂಬರಿನ ಒಂದು ಭಾನುವಾರ ಚಿಕ್ಕಪ್ಪನ ಮಗಳ ಮದುವೆ. ಮನೆ ತಲಪಾಡಿಯಲ್ಲಿ, ಸಭಾಭವನ ಉಡುಪಿಯಲ್ಲಿ. ದಿಬ್ಬಣದ ಬಸ್ ಬೆಳಿಗ್ಗೆ 6 ಗಂಟೆಗೆ ಹೊರಟು, ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಕಾಯುತ್ತಿರುವ ನೆಂಟರನ್ನು ಹತ್ತಿಸಿಕೊಳ್ಳುತ್ತಾ ಹೋಗಬೇಕು. ಯಾರು ಎಲ್ಲಿ, ಎಷ್ಟು ಹೊತ್ತಿಗೆ ನಿಂತಿರಬೇಕು ಎಂದು ಎಲ್ಲರಿಗೂ ತಿಳಿಸುವ ಕೆಲಸವನ್ನು ಚಿಕ್ಕಪ್ಪ ನನಗೆ ಒಪ್ಪಿಸಿದರು.

ನಾನು ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಒಂದು ಪಟ್ಟಿಯಲ್ಲಿ ತಲಪಾಡಿಯಿಂದ ಉಡುಪಿಯವರೆಗಿನ 25 ನಿಲ್ದಾಣಗಳು, ಇನ್ನೊಂದರಲ್ಲಿ ಅದೇ ಕ್ರಮದಲ್ಲಿ ಬಸ್ ತಲುಪುವ ಸಮಯಗಳು. ನೆಂಟರ ಊರಿನ ಹೆಸರನ್ನು ಕೊಟ್ಟರೆ ಮೊದಲ ಪಟ್ಟಿಯಲ್ಲಿ ಅದರ ಸ್ಥಾನವನ್ನು ಹುಡುಕುವುದು, ಎರಡನೆಯ ಪಟ್ಟಿಯ ಅದೇ ಸ್ಥಾನದಿಂದ ಸಮಯವನ್ನು ಎತ್ತಿಕೊಳ್ಳುವುದು. ಸ್ಥಾನ ಹುಡುಕಲು ಪೈಥಾನ್‌ನಲ್ಲಿ ‘ಇಂಡೆಕ್ಸ್’ ಎಂಬ ಸಿದ್ಧ ಸೌಲಭ್ಯವಿದೆ. ಎಣಿಕೆ ಸೊನ್ನೆಯಿಂದ ಶುರು: ತಲಪಾಡಿ 0, ಕೆ.ಸಿ. ರೋಡ್ 1, ಉಚ್ಚಿಲ 2, ಹೀಗೆ. ಶನಿವಾರ ಸಂಜೆಯೊಳಗೆ ಎಲ್ಲರ ಮೊಬೈಲಿಗೂ ಸಂದೇಶ ಹೋಯಿತು.

ಭಾನುವಾರ 6.10ಕ್ಕೆ ಬಸ್ ಉಚ್ಚಿಲದಲ್ಲಿ ನಿಂತಿತು. ಇನ್ನೂ ಕತ್ತಲೆ. ನನ್ನ ಕೈಯಲ್ಲಿದ್ದ ಹಾಳೆಯ ಪ್ರಕಾರ ಇಲ್ಲಿ ದೊಡ್ಡಮ್ಮ ಹತ್ತಬೇಕು. ರಸ್ತೆಯ ಬದಿಯಲ್ಲಿ ಯಾರೂ ಕಾಣಲಿಲ್ಲ. ಫೋನ್ ಮಾಡಿದೆ.

“ನಾನು ಆಗಲೇ ಬಂದು ನಿಂತಿದ್ದೇನೆ. ಬಸ್ ಎಲ್ಲಿದೆ?”

“ನಾವೂ ಉಚ್ಚಿಲದಲ್ಲೇ ಇದ್ದೇವೆ ದೊಡ್ಡಮ್ಮ, ನೀವು ಕಾಣುತ್ತಿಲ್ಲವಲ್ಲ!”

“ಇಲ್ಲೇ, ಮಹಾಲಕ್ಷ್ಮೀ ದೇವಸ್ಥಾನದ ಎದುರು.”

ನನ್ನ ಎದೆ ಧಸಕ್ಕೆಂದಿತು. ದೊಡ್ಡಮ್ಮನ ಮನೆ ಇರುವುದು ಎರ್ಮಾಳು ದಾಟಿ, ಕಾಪುವಿಗಿಂತ ಮೊದಲು ಸಿಗುವ ಉಚ್ಚಿಲದಲ್ಲಿ. ನಮ್ಮ ಬಸ್ ನಿಂತಿದ್ದುದು ಸೋಮೇಶ್ವರದ ಹತ್ತಿರದ ಉಚ್ಚಿಲದಲ್ಲಿ. ಎರಡೂ ಅದೇ ಹೆದ್ದಾರಿಯ ಮೇಲಿವೆ. ನಡುವೆ ಹತ್ತಿರ ಹತ್ತಿರ 50 ಕಿಲೋಮೀಟರ್. ನೇತ್ರಾವತಿ, ಫಲ್ಗುಣಿ, ನಂದಿನಿ, ಶಾಂಭವಿ ಎಂಬ ನಾಲ್ಕು ನದಿಗಳು. ಅವರು 7.40ಕ್ಕೆ ಬಂದರೆ ಸಾಕಿತ್ತು. ಎಪ್ಪತ್ತು ದಾಟಿದ ಹೆಂಗಸು ನನ್ನ ಸಂದೇಶವನ್ನು ನಂಬಿ ಆ ಚಳಿಯಲ್ಲಿ, ಲಾರಿಗಳು ನುಗ್ಗುವ ರಸ್ತೆಯ ಪಕ್ಕದಲ್ಲಿ ಒಂಟಿಯಾಗಿ ನಿಂತಿದ್ದರು. ಮನೆಗೆ ಹೋಗಿ ಕುಳಿತುಕೊಳ್ಳಿ ಎಂದು ಎಷ್ಟು ಬೇಡಿಕೊಂಡರೂ, “ಹೊರಟವಳು ಮತ್ತೆ ಒಳಗೆ ಹೋಗುವುದಿಲ್ಲ” ಎಂದುಬಿಟ್ಟರು.

ಪಟ್ಟಿಯಲ್ಲಿ ಉಚ್ಚಿಲ ಎರಡು ಕಡೆ ಇತ್ತು, 2ರಲ್ಲಿ ಮತ್ತು 19ರಲ್ಲಿ. ಎರಡನ್ನೂ ಬರೆದವನು ನಾನೇ. ಇಂಡೆಕ್ಸ್ ಪಟ್ಟಿಯ ತಲೆಯಿಂದ ಒಂದೊಂದೇ ಹೆಸರನ್ನು ಹೋಲಿಸುತ್ತಾ ಬರುತ್ತದೆ; ಹೊಂದುವ ಮೊದಲ ಹೆಸರು ಸಿಕ್ಕಿದೊಡನೆ ಅದರ ಸ್ಥಾನವನ್ನು ಹೇಳಿ ಕೆಲಸ ಮುಗಿಸುತ್ತದೆ. ಮುಂದೆ ಇನ್ನೊಂದು ಇದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಈ ದಾರಿಯ ಯಾವುದೇ ಕಂಡಕ್ಟರ್ “ಯಾವ ಉಚ್ಚಿಲ?” ಎಂದು ಕೇಳದೆ ಟಿಕೆಟ್ ಹರಿಯುತ್ತಿರಲಿಲ್ಲ. ಆ ಪ್ರಶ್ನೆಯನ್ನು ನಾನು ಪ್ರೋಗ್ರಾಂನಲ್ಲಿ ಬರೆಯಬೇಕಿತ್ತು.

ನೇತ್ರಾವತಿ ಸೇತುವೆ ದಾಟುವಾಗ ಇನ್ನೊಂದು ಭಯ ಹತ್ತಿತು. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಕೇಳಿದರೆ ಇಂಡೆಕ್ಸ್ ‘ವ್ಯಾಲ್ಯೂ ಎರರ್’ ಎಂದು ಹೇಳಿ ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸುತ್ತದೆ. ಹಾಗೆ ನಿಲ್ಲಬಾರದೆಂದು, ಹೆಸರು ಸಿಗದಿದ್ದರೆ -1 ಕೊಡುವಂತೆ ನಾನು ಬರೆದಿದ್ದೆ. ಇನ್ನೊಂದು ಕಂಪ್ಯೂಟರ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ‘ಇಂಡೆಕ್ಸ್ಆಫ್’ ಹಾಗೆಯೇ ಮಾಡುತ್ತದೆ. ಕಚೇರಿಯಲ್ಲಿ ದಿನವೂ ಬಳಸಿ ಕೈಗೆ ಅಂಟಿದ ಅಭ್ಯಾಸ. ಆದರೆ ಪೈಥಾನ್ ಪಟ್ಟಿಯಲ್ಲಿ -1 ಎಂಬುದೂ ಒಂದು ಸ್ಥಾನವೇ, ಕಟ್ಟಕಡೆಯದು. ಅಂದರೆ ಊರಿನ ಹೆಸರು ಹೊಂದದ ಪ್ರತಿಯೊಬ್ಬರಿಗೂ ಬಸ್ ಉಡುಪಿ ತಲುಪುವ 8.15ರ ಸಮಯವೇ ಹೋಗಿರುತ್ತದೆ!

ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ನೋಡಿದೆ. ಮೂಲ್ಕಿಯ ಮಾವನ ಎದುರು 8.15 ಎಂದಿತ್ತು. ನಿಲ್ದಾಣಗಳ ಪಟ್ಟಿಯಲ್ಲಿ ನಾನು ‘ಮೂಲ್ಕಿ’ ಎಂದು ಬರೆದಿದ್ದೆ, ನೆಂಟರ ಪಟ್ಟಿಯಲ್ಲಿ ‘ಮುಲ್ಕಿ’. ನಮ್ಮಲ್ಲಿ ಎರಡೂ ರೂಪಗಳು ಬಳಕೆಯಲ್ಲಿವೆ, ಓದುವವನಿಗೆ ಗೊಂದಲವಿಲ್ಲ. ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಊರುಗಳು. ಫೋನ್ ಮಾಡಿದಾಗ ಮಾವ ಇನ್ನೂ ಹಾಸಿಗೆಯಲ್ಲಿದ್ದರು. ಬಸ್ ಅಲ್ಲಿಗೆ ಬರುವುದು 7.15ಕ್ಕೆ ಎಂದೆ. ಪಾಪ, ಒಂದು ಮಾತೂ ಆಡದೆ ಫೋನ್ ಇಟ್ಟರು. ನಾವು ಮೂಲ್ಕಿ ತಲುಪಿದಾಗ ಅತ್ತೆಯೊಂದಿಗೆ, ತಲೆಯ ನೀರು ಆರದೆ, ರಸ್ತೆಯ ಬದಿಯಲ್ಲಿ ನಿಂತಿದ್ದರು.

ಉಚ್ಚಿಲ ಬಂದಾಗ 7.50. ದೊಡ್ಡಮ್ಮ ಎಡಗೈಯಲ್ಲಿ ಚೀಲ ಹಿಡಿದು, ಬಲಗೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಅಟ್ಟೆ ಶಂಕರಪುರ ಮಲ್ಲಿಗೆಯನ್ನು ಎದೆಗೆ ಒತ್ತಿಕೊಂಡಿದ್ದರು. ನಾನು ಇಳಿದು ಕೈ ಹಿಡಿದು ಹತ್ತಿಸಿದೆ. ಬೆರಳುಗಳು ತಣ್ಣಗಾಗಿದ್ದವು. ತಪ್ಪಾಯಿತು ಎಂದೆ. “ಹೂವು ಬಾಡಲಿಲ್ಲ, ನೋಡು” ಎಂದು ಎಲೆ ಬಿಡಿಸಿ ತೋರಿಸಿದರು.

ಊಟವಾದ ಮೇಲೆ ಸಭಾಭವನದ ಮೂಲೆಯಲ್ಲಿ ಕುಳಿತು ಪ್ರೋಗ್ರಾಂ ತಿದ್ದಿದೆ, ಏಕೆಂದರೆ ಇಳಿಯುವ ಹೊತ್ತಿನ ಸಂದೇಶಗಳು ಬಾಕಿ ಇದ್ದವು. ಈ ಬಾರಿ ಪ್ರತಿ ಹೆಸರನ್ನೂ ಅದರ ಸ್ಥಾನದೊಂದಿಗೆ ಕೊಡುವ ‘ಎನ್ಯೂಮರೇಟ್’ ಬಳಸಿ, ಹೆಸರು ಹೊಂದುವ ಎಲ್ಲ ಸ್ಥಾನಗಳನ್ನೂ ಸಂಗ್ರಹಿಸಿದೆ. ಒಂದಕ್ಕಿಂತ ಹೆಚ್ಚು ಸಿಕ್ಕರೆ ಅಥವಾ ಒಂದೂ ಸಿಗದಿದ್ದರೆ ಸಂದೇಶ ಕಳುಹಿಸದೆ ನನ್ನನ್ನು ಕೇಳಬೇಕು. ಅಕ್ಷರ ವ್ಯತ್ಯಾಸಕ್ಕೆ ಹೆಸರಿನ ಭಾಗ ಹೊಂದಿದರೂ ಸಾಕು ಎಂದು ಬರೆಯೋಣವೆನಿಸಿತ್ತು. ಆದರೆ ಒಬ್ಬರ ವಿಳಾಸ ‘ಕಿನ್ನಿಮೂಲ್ಕಿ ಗೋಪುರದ ಹತ್ತಿರ’ ಎಂದಿತ್ತು. ಅದರ ಒಳಗೂ ಮೂಲ್ಕಿ ಕುಳಿತಿದೆ. ಉಡುಪಿಯ ಅಂಚಿನಲ್ಲಿ ಇಳಿಯಬೇಕಾದವರನ್ನು ಶಾಂಭವಿಯವರೆಗೆ ಒಯ್ದುಬಿಡುತ್ತಿದ್ದೆ. ಆ ಯೋಚನೆ ಬಿಟ್ಟು, ಊರುಗಳ ಹೆಸರುಗಳನ್ನು ಒಂದೊಂದಾಗಿ ಕೈಯಾರೆ ಸರಿಪಡಿಸಿದೆ. ‘ಸೋಮೇಶ್ವರ ಉಚ್ಚಿಲ’, ‘ಎರ್ಮಾಳು ಉಚ್ಚಿಲ’ ಎಂದು ಬೇರೆ ಬೇರೆಯಾಗಿ ಬರೆದೆ.

ಮರಳುವ ದಾರಿಗೆ ಪಟ್ಟಿಯನ್ನು ತಿರುಗಿಸಬೇಕು. ತಿರುಗಿಸಿದಾಗ ಎರ್ಮಾಳು ಉಚ್ಚಿಲ 5ನೇ ಸ್ಥಾನಕ್ಕೆ ಬಂತು, ಸೋಮೇಶ್ವರದ್ದು 22ಕ್ಕೆ ಹೋಯಿತು. ತಿದ್ದದೆ ಬಿಟ್ಟಿದ್ದರೂ ಸಂಜೆ ದೊಡ್ಡಮ್ಮನಿಗೆ ಸರಿಯಾದ ಸಮಯವೇ ಹೋಗುತ್ತಿತ್ತು, ತಪ್ಪು ಇದೆಯೆಂಬುದೇ ತಿಳಿಯುತ್ತಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಬಸ್ ದೇವಸ್ಥಾನದ ಹತ್ತಿರ ನಿಂತಿತು. ದೊಡ್ಡಮ್ಮನೊಂದಿಗೆ ನಾನೂ ಇಳಿದು ರಸ್ತೆ ದಾಟಿಸಿದೆ. ಅವರು ಮನೆಯ ಗೇಟು ತೆರೆಯುವವರೆಗೆ ಚಾಲಕ ಕಾದರು.