ಮಲೆನಾಡಿನ ಮಳೆ, ನನ್ನ ಕಾಮಿಕ್ಸ್

ಚಿಕ್ಕಮಗಳೂರಿನಲ್ಲಿ ಕಾಮಿಕ್ಸ್ ಕೂಡಿಡುವವರಿಗೆ ಜೂನ್ ಬಂತೆಂದರೆ ಚಿಂತೆ. ಥಂಡಿಗೆ ಕಾಗದ ಅಲೆಅಲೆಯಾಗುತ್ತದೆ, ನಡುವಿನ ಪಿನ್ ತುಕ್ಕು ಹಿಡಿಯುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಅದಕ್ಕೇ ಪ್ರತಿ ಸಂಚಿಕೆಗೂ ಪ್ಲಾಸ್ಟಿಕ್ ಕವರ್, ಹಿಂದೆ ಆಸಿಡ್ ಇಲ್ಲದ ರಟ್ಟು, ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್. ಡಬ್ಬಿ ಗೋಡೆಗೆ ತಾಗಬಾರದು.

ಸುಮ್ನೆ ಇಷ್ಟು ಕಷ್ಟ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ದೊಡ್ಡ ಕಂಪನಿಗಳ ಹೀರೋಗಳಿಗಿಂತ ನನಗೆ ಸ್ವತಂತ್ರ ಕಾಮಿಕ್ಸ್ ಮೇಲೆ ಪ್ರೀತಿ ಜಾಸ್ತಿ. 1992ರಲ್ಲಿ ಅಮೆರಿಕದಲ್ಲಿ ಏಳು ಜನ ಕಲಾವಿದರು ಇಮೇಜ್ ಕಾಮಿಕ್ಸ್ ಎಂಬ ತಮ್ಮದೇ ಪ್ರಕಾಶನ ಕಟ್ಟಿದರು. ಪಾತ್ರ ಹುಟ್ಟಿಸಿದವರಿಗೇ ಅದರ ಹಕ್ಕು ಎಂದರು. ಎಷ್ಟು ನ್ಯಾಯದ ಮಾತು! ಅಲ್ಲಿಂದ ಬಂದ ಸೂಪರ್‌ಹೀರೋ ಸರಣಿ 'ಇನ್ವಿನ್ಸಿಬಲ್' 2003ರಲ್ಲಿ ಶುರುವಾಗಿ 2018ರಲ್ಲಿ 144ನೇ ಸಂಚಿಕೆಗೆ ಮುಗಿಯಿತು. ಪೂರ್ತಿ ಬರೆದದ್ದು ರಾಬರ್ಟ್ ಕಿರ್ಕ್‌ಮನ್ ಒಬ್ಬರೇ. ಅದರ ಹೀರೋ ಹುಡುಗ ಬೆಳೆಯುತ್ತಾನೆ, ತಾನೂ ಅಪ್ಪನಾಗುತ್ತಾನೆ. ಕಥೆಗೆ ಒಂದು ಕೊನೆ ಇರುವುದೇ ಚೆಂದ ಅಲ್ವಾ? ವರ್ಷಗಟ್ಟಲೆ ಎಳೆದರೆ ಹೀರೋಗೆ ವಯಸ್ಸೇ ಆಗುವುದಿಲ್ಲ.

ಬೆಲೆ ಏರಲಿ ಎಂದು ಕವರ್ ತೆರೆಯದೇ ಇಡುವವರಿದ್ದಾರೆ. ನನ್ನಿಂದ ಅದಾಗದು. ಕೈ ಒರೆಸಿಕೊಂಡು ಓದುತ್ತೇನೆ, ಮತ್ತೆ ಒಳಗಿಡುತ್ತೇನೆ. ಮೂಡಿಗೆರೆ, ಕಡೂರು ಕಡೆ ಓದುಗರಿದ್ದರೆ ಹೇಳಿ, ಬದಲಾಯಿಸಿಕೊಂಡು ಓದೋಣ.