ಸ್ಪೋಕ್ ಪಾನಾ ಕೊಳ್ಳುವ ಮೊದಲು ನಿಪ್ಪಲ್ ಅಳೆಯಿರಿ

ನಿಪ್ಪಲ್ ಅಂದರೆ ಸ್ಪೋಕ್ ತುದಿಯನ್ನು ರಿಮ್‌ಗೆ ಬಿಗಿಯಾಗಿ ಹಿಡಿಯುವ ಸಣ್ಣ ನಟ್. ಅದರ ಮೂಲೆಗಳು ಒಮ್ಮೆ ಸವೆದು ರೌಂಡ್ ಆದವು ಅಂದರೆ ಆಮೇಲೆ ಎಂಥ ದುಬಾರಿ ಟಾರ್ಕ್ ರೆಂಚ್ (ನಾವು ಇಟ್ಟಷ್ಟು ಬಿಗಿ ಬಂದಾಗ ‘ಕ್ಲಿಕ್’ ಅನ್ನುವ ಪಾನಾ) ತಂದರೂ ಕೆಲಸಕ್ಕೆ ಬರುವುದಿಲ್ಲ. ಟೈರ್ ಕಳಚಿ, ಟ್ಯೂಬ್ ತೆಗೆದು, ಆ ನಿಪ್ಪಲ್ ಕತ್ತರಿಸಿ ಹೊಸದು ಹಾಕಬೇಕು. ಅದಕ್ಕೇ ಡರ್ಟ್ ಬೈಕ್ ಸ್ಪೋಕ್ ಬಿಗಿ ಮಾಡುವ ಸಲಕರಣೆಯಲ್ಲಿ ಮೊದಲು ನೋಡಬೇಕಾದ್ದು ಪಾನಾದ ಬಾಯಿ ನಿಪ್ಪಲ್‌ಗೆ ಎಷ್ಟು ಸರಿಯಾಗಿ ಕೂರುತ್ತದೆ ಎಂಬುದು. ಟಾರ್ಕ್ ಲೆಕ್ಕ ಅದರ ನಂತರದ ಮಾತು.

ಮೋಟಾರ್‌ಸೈಕಲ್ ನಿಪ್ಪಲ್‌ಗಳು ಸಾಮಾನ್ಯವಾಗಿ 5.6ರಿಂದ 7 ಮಿ.ಮೀ. ಒಳಗೆ ಬರುತ್ತವೆ. ಒಂದು ಸೈಜಿಗೂ ಇನ್ನೊಂದಕ್ಕೂ ಇರುವ ಅಂತರ ಬರೀ 0.2 ಮಿ.ಮೀ. 6.0 ನಿಪ್ಪಲ್‌ಗೆ 6.2ರ ಪಾನಾ ಹಾಕಿದರೆ ಕೂತ ಹಾಗೇ ಕಾಣುತ್ತದೆ. ಕೈ ಭಾರ ಹಾಕಿದ ಕೂಡಲೇ ಜಾರಿ ಮೂಲೆ ತಿನ್ನುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಹಳೆಯ ಟೂತ್‌ಬ್ರಷ್‌ನಿಂದ ನಿಪ್ಪಲ್ ಸುತ್ತಲಿನ ಒಣಗಿದ ಕೆಸರು ಉಜ್ಜಿ ತೆಗೆದು, ಎದುರುಬದುರಿನ ಚಪ್ಪಟೆ ಮುಖಗಳ ನಡುವಿನ ಅಳತೆ ತೆಗೆದುಕೊಳ್ಳಿ. ಒಂದೇ ನಿಪ್ಪಲ್ ಅಳೆದು ಸುಮ್ಮನಾಗಬೇಡಿ, ಮುಂದಿನ ಚಕ್ರದಲ್ಲಿ ನಾಲ್ಕು, ಹಿಂದಿನದರಲ್ಲಿ ನಾಲ್ಕು ನೋಡಿ. ಎರಡೂ ಚಕ್ರಕ್ಕೆ ಒಂದೇ ಸೈಜ್ ಇರಲೇಬೇಕು ಎಂದೇನಿಲ್ಲ. ಸೆಕೆಂಡ್ ಹ್ಯಾಂಡ್ ಬೈಕ್ ಆದರೆ ಹಿಂದಿನ ಮಾಲೀಕರು ಯಾವುದೋ ಗ್ಯಾರೇಜಿನಲ್ಲಿ ನಾಲ್ಕೈದು ಸ್ಪೋಕ್ ಬದಲಿಸಿದ್ದರೆ ಅಲ್ಲಿ ಬೇರೆ ಸೈಜಿನ ನಿಪ್ಪಲ್ ಕೂತಿರುತ್ತದೆ.

ಸೈಕಲ್ ಅಂಗಡಿಯಲ್ಲಿ ಸಿಗುವ, ಸುತ್ತಲೂ ಕಚ್ಚು ಇರುವ ಗುಂಡನೆಯ ಸ್ಪೋಕ್ ಕೀ ಇದಕ್ಕೆ ನಡೆಯುವುದಿಲ್ಲ. ಸೈಕಲ್ ನಿಪ್ಪಲ್ 3.2ರಿಂದ 3.5 ಮಿ.ಮೀ. ಆಸುಪಾಸಿನದು. ಬೈಕಿಗೆಂದೇ ಆರೇಳು ಸೈಜ್ ಕೊರೆದು ಮಾಡಿದ ಅಗ್ಗದ ಪಾನಾಗಳೂ ಬರುತ್ತವೆ. ಅವುಗಳ ತೊಂದರೆ ಎರಡು: ಕಚ್ಚಿನ ಅಳತೆ ನಿಖರವಾಗಿರುವುದಿಲ್ಲ, ಲೋಹ ಮೆದುವಾಗಿದ್ದು ಕೆಲವು ಸಲ ಬಳಸಿದ ಮೇಲೆ ಬಾಯಿ ಅಗಲವಾಗುತ್ತದೆ. ಕಟಿಂಗ್ ಪ್ಲೇಯರ್, ಸ್ಕ್ರೂ ಪಾನಾ ಇವನ್ನಂತೂ ಹತ್ತಿರ ತರಲೇಬೇಡಿ. ಕೊಳ್ಳಬೇಕಾದ್ದು ಗಟ್ಟಿ ಉಕ್ಕಿನ, ನಿಮ್ಮ ಸೈಜಿನದೇ ಆದ, ನಿಪ್ಪಲ್‌ನ ಎರಡು ಮುಖಗಳ ಬದಲು ಮೂರು ಅಥವಾ ನಾಲ್ಕು ಮೂಲೆಗಳನ್ನು ಹಿಡಿಯುವ ಬಾಯಿಯ ಪಾನಾ. ಹಿಡಿತ ಹೆಚ್ಚು ಮೂಲೆಗಳಿಗೆ ಹಂಚಿಹೋದಷ್ಟೂ ಜಾರುವ ಭಯ ಕಡಿಮೆ, ಅದರಲ್ಲೂ ಅಲ್ಯೂಮಿನಿಯಂ ನಿಪ್ಪಲ್ ಇದ್ದಾಗ. ಹಿಡಿಕೆ ಗೇಣುದ್ದ ಇರಬೇಕಿಲ್ಲ. ಗಿಡ್ಡ ಹಿಡಿಕೆಯಿದ್ದರೆ ಅತಿಯಾಗಿ ಬಿಗಿ ಮಾಡಲು ಕೈಗೇ ಆಗುವುದಿಲ್ಲ, ಅದೇ ಒಳ್ಳೆಯದು.

ಇನ್ನು ಟಾರ್ಕ್ ರೆಂಚ್. ಹೋಂಡಾದ ಸಿಆರ್‌ಎಫ್ ಮೋಟೋಕ್ರಾಸ್ ಬೈಕುಗಳಿಗೆ ಹೇಳುವ ಸ್ಪೋಕ್ ಬಿಗಿ 3.7 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಕೆಟಿಎಂ ಆಫ್‌ರೋಡ್ ಬೈಕುಗಳಿಗೆ 5ರಿಂದ 6. ನಿಮ್ಮ ಬೈಕಿನ ಸರ್ವೀಸ್ ಮ್ಯಾನ್ಯುವಲ್‌ನಲ್ಲಿರುವ ಅಂಕಿಯನ್ನೇ ಹಿಡಿಯಿರಿ, ಪಕ್ಕದವರ ಬೈಕಿನದನ್ನಲ್ಲ. ಕೆಲವು ವಿದೇಶಿ ರೆಂಚ್‌ಗಳಲ್ಲಿ ಇಂಚ್ ಪೌಂಡ್ ಲೆಕ್ಕ ಇರುತ್ತದೆ. 1 ನ್ಯೂಟನ್ ಮೀಟರ್ ಅಂದರೆ 8.85 ಇಂಚ್ ಪೌಂಡ್, ಹಾಗಾಗಿ 5 ಅಂದರೆ ಸುಮಾರು 44. ಆಕ್ಸಲ್ ನಟ್ ಬಿಗಿ ಮಾಡುವ 20–100ರ ದೊಡ್ಡ ರೆಂಚ್‌ನಲ್ಲಿ ಇಷ್ಟು ಸಣ್ಣ ಬಿಗಿ ಅಳೆಯಲು ಬರುವುದಿಲ್ಲ, ಸುಮಾರು 2ರಿಂದ 10ರ ವ್ಯಾಪ್ತಿಯದು ಬೇಕು. ಬದಲಿಸಬಹುದಾದ ತಲೆಗಳ ಜೊತೆ ಬರುವ ಸ್ಪೋಕ್ ಟಾರ್ಕ್ ರೆಂಚ್ ಆದರೆ ಲೆಕ್ಕದ ತಲೆನೋವಿಲ್ಲ. ಮಾಮೂಲಿ ರೆಂಚ್‌ಗೆ ಉದ್ದದ ತಲೆ ಸೇರಿಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ರೆಂಚ್ ಉದ್ದ 200 ಮಿ.ಮೀ., ಮುಂದೆ ಸೇರಿಸಿದ ತಲೆ 25 ಮಿ.ಮೀ. ಆದರೆ 5 ನ್ಯೂಟನ್ ಮೀಟರ್ ಬರಲು ರೆಂಚ್ ಅನ್ನು 4.4ಕ್ಕೆ ಇಡಬೇಕು. ತಲೆಯನ್ನು ಹಿಡಿಕೆಗೆ 90 ಡಿಗ್ರಿ ಅಡ್ಡ ಕೂರಿಸಿದರೆ ಈ ತಿದ್ದುಪಡಿ ಬೇಕಿಲ್ಲ.

ಆದರೆ ‘ಕ್ಲಿಕ್’ ಅಂದದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ರೆಂಚ್ ಅಳೆಯುವುದು ನಿಪ್ಪಲ್ ತಿರುಗಿಸಲು ಬೇಕಾದ ಬಲವನ್ನು. ನಮಗೆ ಬೇಕಾದ್ದು ಸ್ಪೋಕ್ ಎಷ್ಟು ಎಳೆದುಕೊಂಡು ನಿಂತಿದೆ ಎಂಬುದು. ಎರಡು ಮಳೆಗಾಲ ಕೆಂಪುಮಣ್ಣಿನ ಎಸ್ಟೇಟ್ ದಾರಿಯಲ್ಲಿ ಓಡಿದ ಬೈಕಿನ ನಿಪ್ಪಲ್ ತುಕ್ಕು ಹಿಡಿದು ಬಿರುಸಾಗಿರುತ್ತದೆ. ಅಲ್ಲಿ ರೆಂಚ್ 5ಕ್ಕೆ ಕ್ಲಿಕ್ ಅನ್ನುತ್ತದೆ, ಸ್ಪೋಕ್ ಮಾತ್ರ ಇನ್ನೂ ಸಡಿಲವಾಗಿಯೇ ಇರುತ್ತದೆ. ಇಂಥ ಕಡೆ ಕಿವಿಯೇ ಗತಿ. ಪಾನಾದ ಹಿಡಿಕೆಯಿಂದ ಸ್ಪೋಕ್‌ನ ನಡುವೆ ಮೆಲ್ಲಗೆ ಬಡಿಯಿರಿ. ಬಿಗಿಯಿದ್ದದ್ದು ‘ಟಿಣ್’ ಅಂತ ಸ್ಪಷ್ಟವಾಗಿ ನುಡಿಯುತ್ತದೆ, ಸಡಿಲವಾದದ್ದು ‘ಡಬ್’ ಅನ್ನುತ್ತದೆ. ಸ್ಪೋಕ್‌ಗಳು ಒಂದಕ್ಕೊಂದು ತಾಗುವ ಜಾಗವನ್ನು ಬಿಟ್ಟು ಬಡಿಯಬೇಕು, ಇಲ್ಲದಿದ್ದರೆ ಎರಡರ ದನಿಯೂ ಕಲಸಿಹೋಗುತ್ತದೆ. ಟಿಣ್ ಅನ್ನದ ಸ್ಪೋಕ್‌ಗೆ ರೆಂಚ್ ಕ್ಲಿಕ್ ಅಂದರೆ ನಿಪ್ಪಲ್ ಜಾಮ್ ಆಗಿದೆ ಅಂತ ಅರ್ಥ. ನಿಪ್ಪಲ್ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊದಲು ಕಾಲು ಸುತ್ತು ಸಡಿಲಿಸಿ, ಆಮೇಲೆ ಬಿಗಿ ಮಾಡಿ. ಎಣ್ಣೆಯನ್ನು ಬ್ರೇಕ್ ಡಿಸ್ಕ್ ಮೇಲೆ ಚೆಲ್ಲದ ಹಾಗೆ ಬಟ್ಟೆ ಮುಚ್ಚುವುದನ್ನು ಮರೆಯಬಾರದು.

ಕೆಲಸಕ್ಕೆ ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ ಚಕ್ರ ತೇಲುವಂತೆ ಮಾಡಿ. ರಿಮ್ ಲಾಕ್ (ಟೈರ್ ರಿಮ್ ಮೇಲೆ ಜಾರದಂತೆ ಹಿಡಿಯುವ ಕ್ಲಾಂಪ್) ಇದ್ದರೆ ಅದರ ಪಕ್ಕದಿಂದ, ಇಲ್ಲದಿದ್ದರೆ ವಾಲ್ವ್ ಪಕ್ಕದಿಂದ ಶುರು ಮಾಡಿ. ರಿಮ್ ಲಾಕ್ ಅಕ್ಕಪಕ್ಕದ ಸ್ಪೋಕ್‌ಗಳೇ ಮೊದಲು ಸಡಿಲವಾಗುವುದು. ಅಲ್ಲಿಗೊಂದು ಬಣ್ಣದ ಟೇಪ್ ಅಂಟಿಸಿ. ಹಬ್ (ಚಕ್ರದ ನಡುಭಾಗ) ಕಡೆಯಿಂದ ರಿಮ್ ನೋಡುತ್ತಿದ್ದರೆ ನಿಪ್ಪಲ್ ಅನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿ. ಟೈರ್ ಕಡೆಯಿಂದ ನೋಡಿದರೆ ಅದೇ ತಿರುವು ಮುಳ್ಳಿನ ದಿಕ್ಕಿನದು. ಸ್ಪೋಕ್ ಸಡಿಲವಾಗುತ್ತಲೇ ಹೋದರೆ ಬಹುಮಟ್ಟಿಗೆ ಇಲ್ಲೇ ಎಡವಿರುತ್ತೀರಿ.

ಮೊದಲ ಸ್ಪೋಕ್, ಎರಡು ಬಿಟ್ಟು ನಾಲ್ಕನೆಯದು, ಮತ್ತೆರಡು ಬಿಟ್ಟು ಏಳನೆಯದು, ಹೀಗೆ ಹೋಗಬೇಕು. ಸುಮ್ಮನೆ ಬಂದ ಪದ್ಧತಿ ಇದಲ್ಲ. ರಿಮ್ ಸುತ್ತ ಸ್ಪೋಕ್‌ಗಳು ನಾಲ್ಕು ನಾಲ್ಕರ ಗುಂಪಾಗಿ ಬರುತ್ತವೆ: ಎಡದ ಒಳಗಿನದು, ಎಡದ ಹೊರಗಿನದು, ಬಲದ ಒಳಗಿನದು, ಬಲದ ಹೊರಗಿನದು. ಮೂರು ಮೂರು ಹೆಜ್ಜೆ ಹಾಕಿದರೆ 1, 4, 7, 10ರಲ್ಲಿ ಈ ನಾಲ್ಕೂ ಬಗೆ ಒಂದೊಂದು ಸಲ ಬಂದುಹೋಗುತ್ತವೆ, ಹಾಗಾಗಿ ರಿಮ್ ಯಾವುದೋ ಒಂದು ಪಕ್ಕಕ್ಕೆ ಎಳೆದುಕೊಳ್ಳುವುದಿಲ್ಲ. ಸಾಲಾಗಿ ಬಿಗಿ ಮಾಡುತ್ತ ಹೋದರೆ ಮೊದಲು ಬಿಗಿಯಾದ ಜಾಗದ ಕಡೆ ರಿಮ್ ಸರಿದು, ಕೊನೆಯವು ಸುಳ್ಳು ಬಿಗಿ ತೋರಿಸುತ್ತವೆ. 36 ಸ್ಪೋಕ್ ಚಕ್ರದಲ್ಲಿ 12 ನಿಲ್ದಾಣ ದಾಟಿದರೆ ಟೇಪ್ ಹತ್ತಿರಕ್ಕೇ ವಾಪಸ್. ಆಗ ಎರಡನೆಯದರಿಂದ ಇನ್ನೊಂದು ಸುತ್ತು, ಮೂರನೆಯದರಿಂದ ಮತ್ತೊಂದು. 32 ಸ್ಪೋಕ್ ಇದ್ದರೆ ಲೆಕ್ಕ ತಾನೇ ಸರಿಯುತ್ತದೆ, ನಿಲ್ಲಿಸದೆ ಮೂರು ಸುತ್ತು ಹೋದರೆ ಎಲ್ಲವೂ ಮುಗಿಯುತ್ತವೆ.

ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಯಾವುದಾದರೂ ಸ್ಪೋಕ್ ಅಷ್ಟರಲ್ಲೂ ಕ್ಲಿಕ್ ಅನ್ನಲಿಲ್ಲವೆಂದರೆ ಅಲ್ಲಿಗೆ ಬಿಟ್ಟು ಮುಂದೆ ಹೋಗಿ, ಮೂರೂ ಸುತ್ತು ಮುಗಿದ ಮೇಲೆ ಮತ್ತೆ ಬನ್ನಿ. ಒಂದನ್ನೇ ಹಿಡಿದು ಎರಡು ಸುತ್ತು ತಿರುಗಿಸುವುದರಿಂದಲೇ ನೇರವಾಗಿದ್ದ ರಿಮ್‌ಗೆ ಬೆಂಡ್ ಬರುವುದು. ಅತಿಯಾಗಿ ಬಿಗಿ ಮಾಡಿದರೆ ನಿಪ್ಪಲ್ ತೂತಿನ ಸುತ್ತ ರಿಮ್ ಬಿರುಕು ಬಿಡುತ್ತದೆ, ಜೊತೆಗೆ ಸ್ಪೋಕ್ ತುದಿ ರಿಮ್ ಒಳಗೆ ಚಾಚಿ ಟ್ಯೂಬ್ ಚುಚ್ಚುತ್ತದೆ. ಸಡಿಲ ಬಿಟ್ಟರೆ ಹೊರೆಯೆಲ್ಲ ಪಕ್ಕದ ಸ್ಪೋಕ್‌ಗೆ ಬಿದ್ದು ಅದು ಹಬ್ ಹತ್ತಿರದ ಬಾಗಿನಲ್ಲಿ ತುಂಡಾಗುತ್ತದೆ.

ಬೆಂಡ್ ನೋಡಲು ಡಯಲ್ ಗೇಜ್ (ಸಣ್ಣ ಓಲಾಟ ಅಳೆಯುವ ಮುಳ್ಳಿನ ಮಾಪಕ) ಇದ್ದರೆ ಸಂತೋಷ, ಇಲ್ಲವಾದರೆ ಒಂದು ಕೇಬಲ್ ಟೈ ಸಾಕು. ಫೋರ್ಕ್‌ಗೆ ಅಥವಾ ಸ್ವಿಂಗ್‌ಆರ್ಮ್‌ಗೆ (ಹಿಂದಿನ ಚಕ್ರ ಹಿಡಿಯುವ ತೋಳು) ಕಟ್ಟಿ, ಬಾಲವನ್ನು ರಿಮ್ ಅಂಚಿಗೆ ತಾಗುವಷ್ಟಕ್ಕೆ ಕತ್ತರಿಸಿ ಚಕ್ರ ತಿರುಗಿಸಿ. ಹೋಂಡಾ 2 ಮಿ.ಮೀ., ಕೆಟಿಎಂ 1.8 ಮಿ.ಮೀ. ತನಕದ ಓಲಾಟ ಒಪ್ಪುತ್ತವೆ, ಅಡ್ಡಕ್ಕೂ ಮೇಲೆ ಕೆಳಕ್ಕೂ. ರಿಮ್ ಬಲಕ್ಕೆ ಹೋಗಿದ್ದರೆ ಆ ಜಾಗದ ಬಲದ ಸ್ಪೋಕ್‌ಗಳನ್ನು ಸ್ವಲ್ಪ ಸಡಿಲಿಸಿ ಎಡದವನ್ನು ಅಷ್ಟೇ ಬಿಗಿ ಮಾಡಿ. ಉಬ್ಬಿದ್ದರೆ ಅಲ್ಲಿಯ ಎರಡೂ ಪಕ್ಕದವನ್ನು ಬಿಗಿ ಮಾಡಿ. ಕಲ್ಲಿಗೆ ಬಡಿದು ನೆಗ್ಗಿದ ರಿಮ್ ಮಾತ್ರ ಸ್ಪೋಕ್ ಎಳೆದು ಸರಿಯಾಗುವಂಥದ್ದಲ್ಲ, ಹಾಗೆ ಎಳೆದರೆ ಸುತ್ತಲಿನ ಬಿಗಿಯೆಲ್ಲ ಏರುಪೇರಾಗುತ್ತದೆ.

ಹೊಸ ಚಕ್ರ ಅಥವಾ ಹೊಸದಾಗಿ ಕಟ್ಟಿಸಿದ ಚಕ್ರ ಆದರೆ ಮೊದಲ ಅರ್ಧ ಗಂಟೆ ಓಡಿಸಿ ನಿಲ್ಲಿಸಿ ಒಮ್ಮೆ ನೋಡಿ, ಮುಂದಿನ ಮೂರ್ನಾಲ್ಕು ಸವಾರಿಗಳಿಗೂ ಹಾಗೇ. ಸ್ಪೋಕ್ ಬಾಗು ಹಬ್‌ನ ತೂತಿನಲ್ಲಿ, ನಿಪ್ಪಲ್ ರಿಮ್‌ನ ಗುಳಿಯಲ್ಲಿ ಕಚ್ಚಿ ಕೂರುವವರೆಗೆ ಬಿಗಿ ಇಳಿಯುತ್ತಲೇ ಇರುತ್ತದೆ. ಆಮೇಲೆ ಬೈಕ್ ತೊಳೆದಾಗಲೆಲ್ಲ ಪಾನಾದ ಹಿಡಿಕೆಯಿಂದ ಒಂದು ಸುತ್ತು ಬಡಿದು ಕೇಳಿದರಾಯಿತು. ಒಂದೇ ಸ್ಪೋಕ್ ಪ್ರತಿ ಸಲ ಸಡಿಲವಾಗುತ್ತಿದ್ದರೆ ಅದನ್ನು ಮತ್ತೆ ಮತ್ತೆ ಬಿಗಿ ಮಾಡುತ್ತ ಕೂರಬೇಡಿ. ಅದರ ಥ್ರೆಡ್ (ತಿರುಪಿನ ಗೆರೆ) ಸವೆದಿದೆಯೇ, ಹಬ್‌ನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆಯೇ, ನಿಪ್ಪಲ್ ಕೂರುವ ಕಡೆ ರಿಮ್ ಬಿರುಕು ಬಿಟ್ಟಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.